ಮನೆಯಲ್ಲಿ ಬೆಳೆದ ಬೆಳ್ಳುಳ್ಳಿ ಮಳೆಗಾಲ ದಾಟಬೇಕಾದರೆ

ಜೂನ್, ಜುಲೈ ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಮಾರ್ಚ್‌ನಲ್ಲಿ ಕಿತ್ತಾಗ ಬೆಳ್ಳುಳ್ಳಿ ಗಟ್ಟಿಯಾಗಿ ಚೆನ್ನಾಗಿತ್ತು. ಈಗ ಒತ್ತಿದರೆ ಮೆತ್ತಗಿದೆ. ಕೆಲವು ಮೊಳಕೆ ಬಂದಿವೆ, ಕೆಲವು ಒಳಗೇ ಟೊಳ್ಳಾಗಿವೆ, ಸಿಪ್ಪೆ ತೆಗೆದರೆ ಕಪ್ಪು ಪುಡಿ. ಎಲ್ಲಿ ತಪ್ಪಾಯಿತು?" 2024ರ ಆರಂಭದಲ್ಲಿ ಬೆಳ್ಳುಳ್ಳಿ ಕೆಜಿಗೆ 400 ರೂಪಾಯಿ ದಾಟಿದ ಮೇಲೆ ಕುಂಡದಲ್ಲಿ, ಗ್ರೋ ಬ್ಯಾಗ್‌ನಲ್ಲಿ, ಹಿತ್ತಲಲ್ಲಿ ನೆಟ್ಟುಕೊಂಡವರು ಜಾಸ್ತಿಯಾಗಿದ್ದಾರೆ. ಬೆಳೆಯೋದು ಹೆಚ್ಚಿನವರಿಗೆ ಒಲಿಯುತ್ತಿದೆ. ಇಟ್ಟುಕೊಳ್ಳೋದು ಒಲಿಯುತ್ತಿಲ್ಲ.

ತಪ್ಪು ಸಾಮಾನ್ಯವಾಗಿ ಜೂನ್‌ನಲ್ಲಿ ಆಗಿರುವುದಿಲ್ಲ. ಕಿತ್ತ ಮೊದಲ ಮೂರು ವಾರದಲ್ಲೇ ಆಗಿರುತ್ತದೆ. ಸರಿಯಾಗಿ ಒಣಗದ ಗಡ್ಡೆ ಬೇಸಿಗೆಯ ಒಣ ಗಾಳಿಯಲ್ಲಿ ಹೇಗೋ ದಿನ ತಳ್ಳುತ್ತದೆ. ಮಳೆಗಾಲದ ತೇವ ತಗುಲಿದ ಕೂಡಲೇ ಕೈಕೊಡುತ್ತದೆ.

ಇನ್ನೊಂದು ತೊಡಕೂ ಇದೆ. ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳು ಬಹುಪಾಲು ಚಳಿ ದೇಶದವರು ಬರೆದದ್ದು. ಅವರು ಬೆಳ್ಳುಳ್ಳಿ ಕೀಳುವುದು ಜುಲೈ ಆಸುಪಾಸಿನಲ್ಲಿ, ಅದರ ಮುಂದೆ ಅವರಿಗೆ ಬರುವುದು ಚಳಿಗಾಲ. ಹಾಗಾಗಿ "ತಂಪಾದ ಜಾಗದಲ್ಲಿಡಿ" ಅನ್ನುತ್ತಾರೆ. ನಮ್ಮದು ಹಾಗಲ್ಲ. ಅಕ್ಟೋಬರ್–ನವೆಂಬರ್‌ನಲ್ಲಿ ನೆಟ್ಟು ಫೆಬ್ರವರಿ–ಮಾರ್ಚ್‌ನಲ್ಲಿ ಕೀಳುತ್ತೇವೆ. ಮುಂದೆ ಮೂರು ತಿಂಗಳು ಬಿಸಿಲು, ಆಮೇಲೆ ನಾಲ್ಕು ತಿಂಗಳು ಮಳೆ. ಕರ್ನಾಟಕದಲ್ಲಿ ಬೆಳ್ಳುಳ್ಳಿಗೆ ತಂಪಿಗಿಂತ ಮುಖ್ಯ ಒಣ ಹವೆ ಮತ್ತು ಗಾಳಿಯಾಟ. ಕೆಳಗಿನ ಹಂತಗಳನ್ನೆಲ್ಲ ಈ ಲೆಕ್ಕದಲ್ಲೇ ಬರೆದಿದ್ದೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ

ಕಿತ್ತ ಮೇಲೂ ಬೆಳ್ಳುಳ್ಳಿ ಜೀವಂತವಾಗಿಯೇ ಇರುತ್ತದೆ. ಉಸಿರಾಡುತ್ತದೆ, ನಿಧಾನವಾಗಿ ನೀರು ಕಳೆದುಕೊಳ್ಳುತ್ತದೆ. ಬೆಳೆದು ಮುಗಿದ ಗಡ್ಡೆ ಕೆಲವು ತಿಂಗಳು ಮೊಳೆಯದೆ ಮಲಗಿರುತ್ತದೆ. ಇದನ್ನೇ ಸುಪ್ತಾವಸ್ಥೆ ಅನ್ನುತ್ತಾರೆ. ನಮ್ಮ ಕೆಲಸ ಆ ನಿದ್ದೆ ಕೆಡದ ಹಾಗೆ ನೋಡಿಕೊಳ್ಳುವುದು, ಜೊತೆಗೆ ಬೂಷ್ಟು ಒಳಗೆ ನುಗ್ಗದಂತೆ ಬಾಗಿಲು ಮುಚ್ಚುವುದು.

ಆ ಬಾಗಿಲು ಇರುವುದು ಗಡ್ಡೆಯ ಕುತ್ತಿಗೆಯಲ್ಲಿ. ಗಡ್ಡೆ ಮುಗಿದು ಎಲೆ ಶುರುವಾಗುವ ಜಾಗ ಅದು. ಹಸಿಯಾಗಿದ್ದಾಗ ಅಲ್ಲಿ ತೇವ ತುಂಬಿರುತ್ತದೆ. ಒಣಗುತ್ತಾ ಬಂದಂತೆ ಬಿಗಿದುಕೊಂಡು ಮುಚ್ಚಿಕೊಳ್ಳುತ್ತದೆ. ಹೊರಸಿಪ್ಪೆಯೂ ಒಣಗಿ ಕಾಗದದಂತಾಗಿ ಎಸಳುಗಳನ್ನು ಕಾಯುತ್ತದೆ. ಹೀಗೆ ನೆರಳಲ್ಲಿ ಹದವಾಗಿ ಒಣಗಿಸುವುದಕ್ಕೆ ಕೃಷಿ ಇಲಾಖೆಯವರು, ವ್ಯಾಪಾರಿಗಳು 'ಕ್ಯೂರಿಂಗ್' ಅನ್ನುತ್ತಾರೆ. ಸಂಡಿಗೆ, ಹಪ್ಪಳ ಒಣಗಿಸುವ ಹಾಗೆ ಬಿಸಿಲಿಗೆ ಹಾಕುವ ಕೆಲಸ ಇದಲ್ಲ.

ಏನೇನು ಬೇಕು

ದುಡ್ಡು ಖರ್ಚು ಮಾಡಬೇಕಾದದ್ದು ಏನೂ ಇಲ್ಲ. ಮಣ್ಣು ಸಡಿಲಿಸಲು ಚಿಕ್ಕ ಗುದ್ದಲಿ ಅಥವಾ ಕೈತೋಟದ ಫೋರ್ಕ್. ಹರಡಿ ಒಣಗಿಸಲು ಕೆಳಗಿನಿಂದಲೂ ಗಾಳಿಯಾಡುವ ಯಾವುದಾದರೂ ಒಂದು: ಹಗ್ಗದ ಹೊರಸು, ಬಿದಿರಿನ ತಟ್ಟೆ, ಹಳೇ ಕಿಟಕಿಯ ಜಾಲರಿ, ಬಟ್ಟೆ ಒಣಗಿಸುವ ಸ್ಟ್ಯಾಂಡ್. ಸೆಣಬಿನ ದಾರ, ಚೂಪಾದ ಕತ್ತರಿ, ಈರುಳ್ಳಿ ಬರುವ ಬಲೆ ಚೀಲ. ಅಡುಗೆಮನೆ ತಕ್ಕಡಿ ಇದ್ದರೆ ಒಳ್ಳೆಯದು. ಕರಾವಳಿ, ಮಲೆನಾಡಿನವರಿಗೆ ಒಂದು ಟೇಬಲ್ ಫ್ಯಾನ್ ಬೇಕೇ ಬೇಕು.

ಹಂತ 1: ನೀರು ನಿಲ್ಲಿಸಿ

ನೆಲದಲ್ಲಿ ಬೆಳೆದಿದ್ದರೆ ಕೀಳುವ 10–15 ದಿನ ಮೊದಲೇ ನೀರು ಬಂದ್. ಕುಂಡದ ಮಣ್ಣು ಬೇಗ ಒಣಗುವುದರಿಂದ ಅಲ್ಲಿ ಒಂದು ವಾರ ಸಾಕು. "ಕೊನೆಗೊಂದು ನೀರು ಕೊಟ್ಟರೆ ಗಡ್ಡೆ ದಪ್ಪ ಆಗುತ್ತೆ" ಎಂದು ಆಸೆಪಡಬೇಡಿ. ಆ ಕೊನೆಯ ನೀರಿನಿಂದ ಸಿಪ್ಪೆ ಕೊಳೆಯುತ್ತದೆ, ಗಡ್ಡೆ ಮಣ್ಣಲ್ಲೇ ಬಿರಿಯುತ್ತದೆ, ಒಣಗಲು ಎರಡರಷ್ಟು ದಿನ ಹಿಡಿಯುತ್ತದೆ.

ಹಂತ 2: ಕೀಳುವ ದಿನವನ್ನು ಎಲೆ ನೋಡಿ ಗೊತ್ತುಮಾಡಿ

ತಳಿ ನೋಡಿಕೊಂಡು ಬೆಳ್ಳುಳ್ಳಿಗೆ 120ರಿಂದ 150 ದಿನ ಬೇಕು. ಆದರೆ ನಮ್ಮಲ್ಲಿ ಹೆಚ್ಚಿನವರು ಅಂಗಡಿಯಿಂದ ತಂದ ಎಸಳನ್ನೇ ನೆಟ್ಟಿರುತ್ತೇವೆ, ತಳಿ ಯಾವುದೆಂದು ಗೊತ್ತಿರುವುದಿಲ್ಲ. ಹಾಗಾಗಿ ಕ್ಯಾಲೆಂಡರ್‌ಗಿಂತ ಎಲೆಯನ್ನು ನಂಬಿ.

ಬೆಳ್ಳುಳ್ಳಿಯ ಪ್ರತಿ ಎಲೆಯ ಬುಡ ಕೆಳಗೆ ಇಳಿದು ಗಡ್ಡೆಯ ಸುತ್ತ ಒಂದು ಪದರ ಸಿಪ್ಪೆಯಾಗುತ್ತದೆ. ಮೇಲೆ ಐದು ಎಲೆ ಹಸಿರಾಗಿದ್ದರೆ ಕೆಳಗೆ ಐದು ಪದರ ಗಟ್ಟಿಯಾಗಿದೆ ಎಂದು ಲೆಕ್ಕ. ಒಂದು ಎಲೆ ಪೂರ್ತಿ ಒಣಗಿದರೆ ಮಣ್ಣೊಳಗೆ ಅದರ ಪದರವೂ ಹಾಳಾಗುತ್ತಾ ಬರುತ್ತದೆ. ಆದ್ದರಿಂದ ಕೆಳಗಿನ ಅರ್ಧದಷ್ಟು ಎಲೆ ಹಳದಿಯಾಗಿ ಒಣಗಿ, ಮೇಲಿನ ನಾಲ್ಕೈದು ಎಲೆ ಇನ್ನೂ ಹಸಿರಾಗಿರುವಾಗ ಕೀಳಬೇಕು.

ಎಲ್ಲಾ ಎಲೆ ಒಣಗಲಿ ಎಂದು ಕಾದರೆ ಸಿಪ್ಪೆ ಹರಿದು ಎಸಳುಗಳು ಬಾಯಿ ಬಿಟ್ಟಿರುತ್ತವೆ. ಅಂಥ ಗಡ್ಡೆ ಎಷ್ಟು ಒಣಗಿಸಿದರೂ ಉಳಿಯದು. ಅವಸರ ಮಾಡಿದರೆ ಎಸಳು ತುಂಬಿರುವುದಿಲ್ಲ, ಸಿಪ್ಪೆ ದಪ್ಪಗೆ ಹಸಿಯಾಗಿರುತ್ತದೆ.

ಅನುಮಾನ ಇದ್ದರೆ ಒಂದೇ ಒಂದು ಗಡ್ಡೆ ಕಿತ್ತು ಅಡ್ಡಕ್ಕೆ ಕತ್ತರಿಸಿ ನೋಡಿ. ನಡುವಿನ ದಂಟಿನ ಸುತ್ತ ಎಸಳುಗಳು ಉಬ್ಬಿಕೊಂಡು, ಒಂದಕ್ಕೊಂದು ಒತ್ತಿಕೊಂಡು, ಆದರೆ ತಮ್ಮ ತಮ್ಮ ತೆಳು ಸಿಪ್ಪೆಯೊಳಗೆ ಬೇರೆ ಬೇರೆಯಾಗಿ ಕಾಣಬೇಕು. ಹೊರಸಿಪ್ಪೆ ಮತ್ತು ಎಸಳಿನ ನಡುವೆ ಜಾಗ ಕಂಡರೆ ಇನ್ನೊಂದು ವಾರ ಬಿಡಿ. ಒಳಗೆ ಎಸಳೇ ಬೇರ್ಪಡದೆ ಒಂದೇ ಉಂಡೆಯಾಗಿದ್ದರೆ ಅದು ಒಂಟಿ ಬೆಳ್ಳುಳ್ಳಿ. ಚಳಿ ಸಾಲದಾಗ, ತಡವಾಗಿ ನೆಟ್ಟಾಗ, ತೀರಾ ಸಣ್ಣ ಎಸಳು ನೆಟ್ಟಾಗ ಹೀಗಾಗುತ್ತದೆ. ತಿನ್ನಲು ಚೆನ್ನಾಗಿದೆ, ಒಣಗಿಸುವ ಕ್ರಮವೂ ಇದೇ.

ಹಂತ 3: ಎಳೆಯಬೇಡಿ, ಎತ್ತಿ

ಒಣಗಿದ ಮಣ್ಣಿನಿಂದ ಎಲೆ ಹಿಡಿದು ಎಳೆದರೆ ಕುತ್ತಿಗೆ ಕಿತ್ತು ಬರುತ್ತದೆ. ಗಡ್ಡೆಯಿಂದ ಒಂದು ಗೇಣು ದೂರದಲ್ಲಿ ಗುದ್ದಲಿ ಇಳಿಸಿ ಮಣ್ಣು ಸಡಿಲಿಸಿ, ಕೆಳಗಿನಿಂದ ಎತ್ತಿ. ಗ್ರೋ ಬ್ಯಾಗ್ ಆದರೆ ಪಕ್ಕಕ್ಕೆ ಮಲಗಿಸಿ ಮಣ್ಣು ಸುರಿದುಬಿಡಿ.

ಮಣ್ಣು ಉದುರಿಸಲು ಗಡ್ಡೆಗಳನ್ನು ಒಂದಕ್ಕೊಂದು ಬಡಿಯುವ ಅಭ್ಯಾಸ ತುಂಬಾ ಜನರಿಗಿದೆ. ದಯವಿಟ್ಟು ಬೇಡ. ಆ ಪೆಟ್ಟು ಅವತ್ತು ಕಾಣಿಸುವುದಿಲ್ಲ. ಎರಡು ತಿಂಗಳ ಮೇಲೆ ಅದೇ ಜಾಗದಲ್ಲಿ ಕಂದು ಕಲೆಯಾಗಿ, ಬೂಷ್ಟಾಗಿ ಕಾಣಿಸುತ್ತದೆ. ಕೈಯಿಂದ ಮೆಲ್ಲಗೆ ಒರೆಸಿದರೆ ಸಾಕು. ಅಂಟಿದ ಮಣ್ಣು ಒಣಗಿದ ಮೇಲೆ ತಾನೇ ಉದುರುತ್ತದೆ.

ನೀರಲ್ಲಿ ತೊಳೆಯಲೇಬಾರದು. ಎರೆಮಣ್ಣಿನವರಿಗೆ ಈ ಆಸೆ ಜಾಸ್ತಿ, ಮಣ್ಣು ಮುದ್ದೆಯಾಗಿ ಮೆತ್ತಿಕೊಂಡಿರುತ್ತದೆ ನಿಜ. ಆದರೂ ತೊಳೆಯಬೇಡಿ. ಸಿಪ್ಪೆಯ ಪದರಗಳ ನಡುವೆ ಇಳಿದ ನೀರು ಆಚೆ ಬರಲು ದಾರಿಯಿಲ್ಲ.

ಹಂತ 4: ಮೊದಲ ಎರಡು ದಿನ

ಹೊಲ ಅಥವಾ ಹಿತ್ತಲಲ್ಲಿ ಸಾಲಾಗಿ ಬೆಳೆದವರು ಕಿತ್ತ ಗಿಡಗಳನ್ನು ಎರಡು ದಿನ ಅಲ್ಲೇ ಬಿಡಬಹುದು. ಆದರೆ ಜೋಡಿಸುವ ಕ್ರಮ ಮುಖ್ಯ. ಮೊದಲ ಸಾಲಿನ ಗಡ್ಡೆಗಳ ಮೇಲೆ ಎರಡನೇ ಸಾಲಿನ ಎಲೆ ಬರಬೇಕು, ಎರಡನೆಯದರ ಗಡ್ಡೆ ಮೇಲೆ ಮೂರನೆಯದರ ಎಲೆ. ಹೀಗೆ ಒಂದರ ಎಲೆ ಇನ್ನೊಂದರ ಗಡ್ಡೆಗೆ ನೆರಳಾಗುತ್ತದೆ. ಬಿಸಿಲು ಎಲೆಗೆ ಬೀಳಲಿ, ಗಡ್ಡೆಗೆ ಬೀಳಬಾರದು.

ಬಯಲುಸೀಮೆಯಲ್ಲಿ ಮಾರ್ಚ್ ಕೊನೆಗೆ ಕೀಳುವವರು ಈ ಹಂತವನ್ನು ಬಿಟ್ಟು ನೇರ ನೆರಳಿಗೆ ಒಯ್ಯಿರಿ. ಆ ಬಿಸಿಲಿನಲ್ಲಿ ಎಲೆಯ ನೆರಳು ಸಾಲದು. ಕುಂಡದವರಿಗೂ ಇದು ಬೇಕಿಲ್ಲ.

ಹಂತ 5: ನೆರಳಲ್ಲಿ ಎರಡು–ಮೂರು ವಾರ

ಇಡೀ ಕೆಲಸದ ಜೀವಾಳ ಇದೇ. ಎಲೆ, ಬೇರು ಏನನ್ನೂ ಕತ್ತರಿಸದೆ ಗಿಡವನ್ನು ಹಾಗೇ ಒಣಗಿಸಬೇಕು. ಎಲೆ ಇದ್ದರೆ ಕುತ್ತಿಗೆ ನಿಧಾನವಾಗಿ ತಾನೇ ಒಣಗಿ ಮುಚ್ಚುತ್ತದೆ. ಹಸಿ ಕುತ್ತಿಗೆಯನ್ನು ಕತ್ತರಿಸಿದರೆ ಅದೊಂದು ಹಸಿ ಗಾಯ, ಬೂಷ್ಟು ನೇರ ಒಳಗೆ ಹೋಗುತ್ತದೆ. ಜಾಗ ಉಳಿಸಲು ಮೊದಲೇ ಎಲೆ ಕತ್ತರಿಸುವುದೇ ನಾನು ಕೇಳಿದ ಹೆಚ್ಚಿನ ದೂರುಗಳ ಮೂಲ.

ಎರಡು ವಿಧಾನ ಇವೆ. ಒಂದು, ಎಂಟು–ಹತ್ತು ಗಿಡಗಳನ್ನು ಎಲೆಯ ತುದಿಯ ಹತ್ತಿರ ಸಡಿಲವಾಗಿ ಕಟ್ಟಿ ಗಡ್ಡೆ ಕೆಳಗಾಗುವಂತೆ ತೂಗುಹಾಕುವುದು. ಒಂದೊಂದು ಕಟ್ಟಿನ ನಡುವೆ ಕೈ ಆಡುವಷ್ಟು ಜಾಗ ಬಿಡಿ. ಎಲೆ ಒಣಗಿದಂತೆ ಗಂಟು ಸಡಿಲವಾಗುತ್ತದೆ, ಹಾಗಾಗಿ ನಾಲ್ಕೈದು ದಿನಕ್ಕೊಮ್ಮೆ ಬಿಗಿ ಮಾಡಬೇಕು. ಇನ್ನೊಂದು, ಹೊರಸಿನ ಮೇಲೆ ಒಂದೇ ಪದರವಾಗಿ ಹರಡುವುದು. ನನಗೆ ಹೊರಸೇ ಇಷ್ಟ. ಹಗ್ಗದ ಸಂದಿಯಿಂದ ಗಾಳಿ ಮೇಲೆ ಬರುತ್ತದೆ, ಮಳೆ ಬಂದರೆ ಇಬ್ಬರು ಎರಡೂ ಕಡೆ ಹಿಡಿದು ಇಡೀ ಬೆಳೆಯನ್ನು ಒಂದೇ ಸಲಕ್ಕೆ ಒಳಗೆ ತರಬಹುದು. ಹರಡಿದವರು ಎರಡು ದಿನಕ್ಕೊಮ್ಮೆ ಮಗ್ಗುಲು ಬದಲಿಸಿ.

ಜಾಗ ಎಲ್ಲಿ? ಪಡಸಾಲೆ, ಹಿತ್ತಲಿನ ಚಪ್ಪರ, ಕಾರ್ ಶೆಡ್, ಬಾಲ್ಕನಿ ಯಾವುದಾದರೂ ಸರಿ. ಗಾಳಿ ಎರಡು ಕಡೆಯಿಂದ ಆಡಬೇಕು, ಗಡ್ಡೆಗೆ ನೇರ ಬಿಸಿಲು ತಗಲಬಾರದು. ಅಪಾರ್ಟ್‌ಮೆಂಟ್‌ನವರು ಒಂದು ವಿಷಯ ಗಮನಿಸಿ: ಬೆಳ್ಳುಳ್ಳಿ ಇಟ್ಟ ಬಾಲ್ಕನಿಯಲ್ಲೇ ಒದ್ದೆ ಬಟ್ಟೆ ಹರವಿದರೆ ಅಷ್ಟೂ ತೇವವನ್ನು ನೀವೇ ಅದಕ್ಕೆ ಉಣಿಸಿದಂತೆ. ಮೂರು ವಾರ ಬಟ್ಟೆಗೆ ಬೇರೆ ಜಾಗ ನೋಡಿಕೊಳ್ಳಿ.

ಊರಿಂದ ಊರಿಗೆ ಕ್ರಮ ಸ್ವಲ್ಪ ಬೇರೆಯಾಗುತ್ತದೆ. ಗದಗ, ಧಾರವಾಡ, ಹಾವೇರಿ ಕಡೆ ಮಾರ್ಚ್ ಗಾಳಿ ಎಷ್ಟು ಒಣಗಿರುತ್ತದೆ ಎಂದರೆ ಎರಡು ವಾರ ಸಾಕು. ಬೆಂಗಳೂರು, ಮೈಸೂರಿನಲ್ಲಿ ಎರಡೂವರೆ, ಮೂರು ವಾರ. ಮಂಗಳೂರು, ಉಡುಪಿ, ಕಾರವಾರದಲ್ಲಿ ಬೇಸಿಗೆಯಲ್ಲೂ ಹವೆ ಜಿಗುಟು. ಅಲ್ಲಿ ನಾಲ್ಕು ವಾರ ಹಿಡಿಯಬಹುದು, ರಾತ್ರಿ ಹೊತ್ತು ಫ್ಯಾನ್ ನಿಧಾನಕ್ಕೆ ತಿರುಗುತ್ತಿರಲಿ. ಕಲಬುರಗಿ, ರಾಯಚೂರಿನವರ ಸಮಸ್ಯೆ ಇದರ ಉಲ್ಟಾ. ಅಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುತ್ತದೆ. ತಗಡಿನ ಕೆಳಗೆ ಅದಕ್ಕಿಂತ ಜಾಸ್ತಿ. ಅಂಥ ಕಡೆ ಇಟ್ಟರೆ ಎಸಳು ಒಳಗೇ ಬೆಂದಂತಾಗಿ, ಜೇನಿನ ಬಣ್ಣಕ್ಕೆ ತಿರುಗಿ, ಅಂಟಂಟಾಗುತ್ತದೆ. ಮಣ್ಣಿನ ಮಾಳಿಗೆ ಮನೆ ಅಥವಾ ಹೆಂಚಿನ ಮನೆಯ ಪಡಸಾಲೆ ಅಲ್ಲಿಗೆ ಸರಿ.

ಮಾಡಬಾರದ ನಾಲ್ಕು ಕೆಲಸ:

- ತಾರಸಿಯ ಸಿಮೆಂಟ್ ನೆಲದ ಮೇಲೆ ಬಿಸಿಲಿಗೆ ಹರಡುವುದು. ಮೇಲಿಂದ ಬಿಸಿಲು, ಕೆಳಗಿಂದ ಕಾದ ನೆಲ.
- ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಕುವುದು, ಅಥವಾ ಅದನ್ನೇ ಹೊದಿಸುವುದು. ರಾತ್ರಿ ಒಳಗೆ ಬೆವರುತ್ತದೆ.
- ಗೋಣಿಚೀಲದಲ್ಲಿ ತುಂಬಿ "ಆಮೇಲೆ ನೋಡೋಣ" ಎಂದು ಮೂಲೆಗೆ ಒರಗಿಸುವುದು.
- ಬೇಗ ಆಗಲಿ ಎಂದು ಓವನ್‌ನಲ್ಲಿಡುವುದು. ಅಲ್ಲಿಗೆ ಅದರ ಜೀವ ಮುಗಿಯಿತು, ಅದು ಇಡುವ ಬೆಳ್ಳುಳ್ಳಿ ಅಲ್ಲ.

ಮಾವಿನ ಹೂವಿನ ಹೊತ್ತಿಗೋ ಅಶ್ವಿನಿ, ಭರಣಿಯಲ್ಲೋ ಅಕಾಲ ಮಳೆ ಬಂದೇ ಬರುತ್ತದೆ. ಎಲೆ ಒದ್ದೆಯಾದರೆ ಗಾಬರಿ ಬೇಡ. ಒದ್ದೆಯಾದವನ್ನು ಬೇರೆ ಮಾಡಿ, ಒಂದಕ್ಕೊಂದು ತಾಗದಂತೆ ಹರಡಿ, ಎರಡು ದಿನ ಫ್ಯಾನ್ ಕೆಳಗೆ ಬಿಡಿ. ಅವನ್ನು ಒಣಗಿದವುಗಳ ಜೊತೆ ಮತ್ತೆ ಸೇರಿಸಬೇಡಿ, ಮೊದಲು ಅಡುಗೆಗೆ ಬಳಸಿ.

ಹಂತ 6: ಒಣಗಿತೇ? ಪರೀಕ್ಷೆ ಮಾಡಿ

ಹೊರಸಿಪ್ಪೆ ಒಂದು ವಾರಕ್ಕೇ ಗರಗರ ಎನ್ನುತ್ತದೆ. ಅದನ್ನು ನಂಬಿದವರೇ ಮೋಸಹೋಗುವುದು. ನೋಡಬೇಕಾದ್ದು ಕುತ್ತಿಗೆ. ಹೆಬ್ಬೆರಳು, ತೋರುಬೆರಳಿನ ನಡುವೆ ಕುತ್ತಿಗೆಯನ್ನು ಹಿಡಿದು ಹೊಸೆಯಿರಿ. ಒಳಗೆ ಏನೋ ಜಾರುತ್ತಿದೆ ಅನಿಸಿದರೆ ಅದು ಇನ್ನೂ ಒಣಗದ ಪದರ. ಒಣಗಿದ ಕುತ್ತಿಗೆ ಗಟ್ಟಿಯಾಗಿ ಬಿಗಿದಿರುತ್ತದೆ, ಜಾರುವುದಿಲ್ಲ. ಬೇರು ಬಾಗಿದರೆ ಹಸಿ, ಚಟ್ಟನೆ ಮುರಿದರೆ ಒಣಗಿದೆ. ಇನ್ನೂ ನಂಬಿಕೆ ಬರದಿದ್ದರೆ ಒಂದು ಗಡ್ಡೆಯ ಕುತ್ತಿಗೆಯನ್ನು ಅಡ್ಡಕ್ಕೆ ಕತ್ತರಿಸಿ. ಕತ್ತರಿಸಿದ ಜಾಗದಲ್ಲಿ ಹಸಿರು ಛಾಯೆ, ಒದ್ದೆ ಹೊಳಪು ಇರಬಾರದು.

ತಕ್ಕಡಿ ಇದ್ದವರಿಗೆ ಇನ್ನೂ ಖಚಿತವಾದ ದಾರಿ ಇದೆ. ಐದು ಗಡ್ಡೆಗಳಿಗೆ ದಾರ ಕಟ್ಟಿ ಗುರುತು ಮಾಡಿ, ಮೂರು ದಿನಕ್ಕೊಮ್ಮೆ ಅವನ್ನೇ ಒಟ್ಟಿಗೆ ತೂಗಿ ಬರೆದಿಡಿ. ಮೊದಮೊದಲು ತೂಕ ಸರಸರ ಇಳಿಯುತ್ತದೆ. ಎರಡು ಸಲ ತೂಗಿದಾಗ ಹೆಚ್ಚುಕಡಿಮೆ ಅಷ್ಟೇ ಬಂದರೆ ಮುಗಿಯಿತು.

ಹಂತ 7: ಕತ್ತರಿಸುವುದು, ಒರೆಸುವುದು

ಜಡೆ ಹೆಣೆಯುವವರು ಎಲೆ ಉಳಿಸಿಕೊಳ್ಳಿ. ಉಳಿದವರು ಗಡ್ಡೆಯ ಮೇಲೆ 2ರಿಂದ 2.5 ಸೆಂಟಿಮೀಟರ್ ಕುತ್ತಿಗೆ ಬಿಟ್ಟು ಕತ್ತರಿಸಿ. ಬೇರನ್ನು ಅರ್ಧ ಸೆಂಟಿಮೀಟರ್‌ಗೆ ಮೋಟು ಮಾಡಿ. ಬೇರಿನ ತಟ್ಟೆಗೆ, ಅಂದರೆ ಬೇರು ಹುಟ್ಟುವ ಗಟ್ಟಿ ಬುಡಕ್ಕೆ ಕತ್ತರಿ ತಾಗಬಾರದು.

ಮಣ್ಣಾದ ಹೊರಗಿನ ಒಂದೇ ಒಂದು ಸಿಪ್ಪೆಯನ್ನು ಬೆರಳಿಂದ ಉಜ್ಜಿ ತೆಗೆಯಿರಿ. ಅಂಗಡಿಯದರಂತೆ ಬೆಳ್ಳಗೆ ಹೊಳೆಯಲಿ ಎಂದು ನಾಲ್ಕು ಪದರ ಸುಲಿಯಬೇಡಿ. ನಾವು ಮಾರಲು ಹೊರಟಿಲ್ಲ ಅಲ್ವಾ? ಪ್ರತಿ ಪದರವೂ ಮಳೆಗಾಲಕ್ಕೆ ಒಂದು ಹೊದಿಕೆ.

ಹಂತ 8: ಮೂರು ಗುಂಪು ಮಾಡಿ

ಈ ಕೆಲಸಕ್ಕೆ ಒಂದು ಮಧ್ಯಾಹ್ನ ಕೊಡಿ. ಪ್ರತಿ ಗಡ್ಡೆಯನ್ನೂ ಕೈಯಲ್ಲಿ ಹಿಡಿದು, ಸುತ್ತಲೂ ಒತ್ತಿ ನೋಡಿ.

ಮೊದಲ ಗುಂಪು ಬೀಜಕ್ಕೆ: ದಪ್ಪ, ಗಟ್ಟಿ, ಸಿಪ್ಪೆ ಪೂರ್ತಿ ಇರುವ, ಆರೋಗ್ಯವಾಗಿ ಬೆಳೆದ ಗಿಡದವು. ಒಳ್ಳೆಯವನ್ನೆಲ್ಲ ತಿಂದು ಚಿಕ್ಕವನ್ನು ಬೀಜಕ್ಕಿಟ್ಟರೆ ಬರುವ ವರ್ಷ ಗಡ್ಡೆ ಇನ್ನೂ ಚಿಕ್ಕದಾಗುತ್ತದೆ. ಎರಡನೆಯದು ಇಡುವುದಕ್ಕೆ: ಗಾತ್ರ ಹೇಗಿದ್ದರೂ ಗಟ್ಟಿಯಾಗಿ, ಬಾಯಿ ಮುಚ್ಚಿರುವವು. ಮೂರನೆಯದು ಮೊದಲು ತಿನ್ನುವುದಕ್ಕೆ: ಬಾಯಿ ಬಿಟ್ಟವು, ಗುದ್ದಲಿ ಪೆಟ್ಟು ತಿಂದವು, ಕುತ್ತಿಗೆ ದಪ್ಪ ಇದ್ದು ಸರಿಯಾಗಿ ಮುಚ್ಚದವು, ಒಂದೆರಡೇ ಪದರ ಸಿಪ್ಪೆ ಉಳಿದವು.

ಬಿಸಾಡಬೇಕಾದವೂ ಇರುತ್ತವೆ. ಎಸಳಿನ ಮೇಲೆ ನೀಲಿ ಹಸಿರು ಬೂಷ್ಟು ಕಂಡರೆ ಅದು ಪೆನಿಸಿಲಿಯಂ ಜಾತಿಯ ಶಿಲೀಂಧ್ರ, ಇಡೀ ಗಡ್ಡೆ ಬಿಸಾಡಿ. ಬುಡ ಕೊಳೆತು ಬಿಳಿ ಹತ್ತಿಯಂಥ ಬೂಷ್ಟು ಬಂದಿದ್ದರೆ ಅದನ್ನು ಕಾಂಪೋಸ್ಟ್ ಗುಂಡಿಗೂ ಹಾಕಬೇಡಿ, ರೋಗ ಮಣ್ಣಲ್ಲಿ ಉಳಿಯುತ್ತದೆ. ಆ ಜಾಗದಲ್ಲಿ ಮತ್ತೆ ಬೆಳ್ಳುಳ್ಳಿ, ಈರುಳ್ಳಿ ನೆಡಬೇಡಿ. ಮಸಿಯಂಥ ಕಪ್ಪು ಪುಡಿ ಆಸ್ಪರ್‌ಜಿಲ್ಲಸ್ ಎಂಬ ಶಿಲೀಂಧ್ರದ್ದು. ಹೊರಸಿಪ್ಪೆಯಲ್ಲಿ ಮಾತ್ರ ಇದ್ದು ಎಸಳು ಗಟ್ಟಿಯಾಗಿದ್ದರೆ ಸುಲಿದು ತೊಳೆದು ಅವತ್ತೇ ಬಳಸಬಹುದು. ಎಸಳಿಗೂ ಇಳಿದಿದ್ದರೆ ಬೇಡ.

ಹಂತ 9: ಇಡುವ ಜಾಗ

ಫ್ರಿಜ್‌ನಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರ ಮನಸ್ಸೂ ಮೊದಲು ಅಲ್ಲಿಗೇ ಹೋಗುತ್ತದೆ. ದೊಡ್ಡ ಶೈತ್ಯಾಗಾರಗಳಲ್ಲಿ ಬೆಳ್ಳುಳ್ಳಿಯನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ತೇವ ಕಡಿಮೆ ಮಾಡಿ ಇಡುತ್ತಾರೆ. ಅಷ್ಟು ಚಳಿಗೆ ಅದು ಮೊಳೆಯುವುದಿಲ್ಲ. ನಮ್ಮ ಮನೆಯ ಫ್ರಿಜ್ ನಾಲ್ಕೈದು ಡಿಗ್ರಿಯಲ್ಲಿರುತ್ತದೆ, ತರಕಾರಿ ಡಬ್ಬಿ ಇನ್ನೂ ಸ್ವಲ್ಪ ಮೇಲೆ. ಬೆಳ್ಳುಳ್ಳಿಯ ನಿದ್ದೆ ಕೆಡಿಸಲು 5ರಿಂದ 10 ಡಿಗ್ರಿ ಹೇಳಿ ಮಾಡಿಸಿದ್ದು. ಅದಕ್ಕೆ ಚಳಿಗಾಲ ಕಳೆಯಿತು, ಚಿಗುರುವ ಹೊತ್ತಾಯಿತು ಎಂದೇ ಅನಿಸುತ್ತದೆ. ಹೊರಗೆ ತೆಗೆದ ಕೆಲವೇ ದಿನಕ್ಕೆ ಹಸಿರು ಮೊಳಕೆ. ಇಡೀ ಗಡ್ಡೆಗಳು ಫ್ರಿಜ್‌ಗೆ ಬೇಡ. ಸುಲಿದ ಎಸಳುಗಳನ್ನು ಮುಚ್ಚಿದ ಡಬ್ಬಿಯಲ್ಲಿ ಒಂದು ವಾರಕ್ಕೆ ಇಡುವುದು ಬೇರೆ ಮಾತು, ಅದು ಸರಿ.

ನಮ್ಮ ಮನೆಯ ಸಾಮಾನ್ಯ ಬಿಸಿ, ಅಂದರೆ 25ರಿಂದ 30 ಡಿಗ್ರಿ, ಬೆಳ್ಳುಳ್ಳಿಗೆ ಆಗಿಬರುತ್ತದೆ. ಗಾಳಿಯ ತೇವಾಂಶ 60–70 ಶೇಕಡಾ ಇದ್ದರೆ ಚೆನ್ನ. ಬಿಸಿ ಸ್ವಲ್ಪ ಜಾಸ್ತಿಯಾದರೆ ತೂಕ ಇಳಿಯುತ್ತದೆ ಅಷ್ಟೇ, ತೇವ ಜಾಸ್ತಿಯಾದರೆ ಗಡ್ಡೆಯೇ ಹೋಗುತ್ತದೆ.

ಇಡುವ ರೀತಿ ಮೂರು. ಬಲೆ ಚೀಲ ಸುಲಭ: ಎರಡು ಕೆಜಿಗಿಂತ ಜಾಸ್ತಿ ತುಂಬದೆ, ಗೋಡೆಗೆ ತಾಗದಂತೆ ತೂಗುಹಾಕಿ. ಬಿದಿರಿನ ಬುಟ್ಟಿಯಾದರೆ ಎರಡು ಪದರಕ್ಕಿಂತ ಮೇಲೆ ಪೇರಿಸಬೇಡಿ, ನೆಲದ ಮೇಲಿಡದೆ ಅಟ್ಟ ಅಥವಾ ಕಪಾಟಿನ ಮೇಲಿಡಿ.

ಮೂರನೆಯದು ಜಡೆ. ನಮ್ಮ ಬಯಲುಸೀಮೆಯ ತಳಿಗಳ ಕುತ್ತಿಗೆ ಮೆದುವಾಗಿರುವುದರಿಂದ ಹೆಣೆಯಲು ಬರುತ್ತದೆ. ಎಲೆ ತೀರಾ ಒಣಗಿದ್ದರೆ ಪುಡಿಯಾಗುತ್ತದೆ, ಹಾಗಾಗಿ ಒದ್ದೆ ಬಟ್ಟೆಯನ್ನು ಎಲೆಗೆ ಮಾತ್ರ ಕಾಲು ಗಂಟೆ ಸುತ್ತಿಡಿ. ಗಡ್ಡೆಗೆ ತೇವ ತಾಗಬಾರದು. ಮೂರು ಗಿಡಗಳನ್ನು ಬುಡದಲ್ಲಿ ದಾರದಿಂದ ಕಟ್ಟಿ, ತಲೆಗೂದಲು ಹೆಣೆಯುವಂತೆ ಒಂದು ಸುತ್ತು ಹೆಣೆಯಿರಿ. ಮುಂದಿನ ಪ್ರತಿ ಸುತ್ತಿಗೆ ಒಂದೊಂದು ಗಿಡವನ್ನು ನಡುವಿನ ಕಾಲಿಗೆ ಸೇರಿಸುತ್ತಾ ಹೋಗಿ, ಹೂವು ಮುಡಿಸಿದಂತೆ ಗಡ್ಡೆಗಳು ಮೇಲಕ್ಕೆ ಸಾಲಾಗಿ ಕೂರುತ್ತವೆ. ಹದಿನೈದು ಗಡ್ಡೆಗೆ ನಿಲ್ಲಿಸಿ. ಅದಕ್ಕಿಂತ ಉದ್ದವಾದರೆ ನಡುವಿನವಕ್ಕೆ ಗಾಳಿ ಸಿಗದು. ಬಳಸುವಾಗ ಮೇಲಿನಿಂದ ಒಂದೊಂದೇ ಕತ್ತರಿಸಿಕೊಳ್ಳಿ.

ಹಳ್ಳಿಮನೆಗಳಲ್ಲಿ ಬೆಳ್ಳುಳ್ಳಿ ಕಟ್ಟನ್ನು ಒಲೆಯ ಮೇಲಿನ ಜಂತೆಗೆ, ನೆಲುವಿನ ಪಕ್ಕಕ್ಕೆ ತೂಗುಹಾಕುತ್ತಿದ್ದರು. ಸೌದೆ ಒಲೆಯ ಒಣ ಬಿಸಿ, ಹೊಗೆ ಎರಡೂ ಅದನ್ನು ಮಳೆಗಾಲದಲ್ಲಿ ಕಾಯುತ್ತಿದ್ದವು. ಒಳ್ಳೆಯ ಪದ್ಧತಿ, ಈಗಲೂ ಸೌದೆ ಒಲೆ ಉರಿಯುವ ಮನೆಯಲ್ಲಿ ಹಾಗೇ ಮಾಡಿ. ಆದರೆ ಅದನ್ನೇ ನೋಡಿ ಗ್ಯಾಸ್ ಒಲೆಯ ಮೇಲೆ ತೂಗುಹಾಕಬೇಡಿ. ಅಲ್ಲಿ ಮೇಲೇಳುವುದು ಕುಕ್ಕರ್‌ನ ಹಬೆ. ಅಡುಗೆಮನೆಯಲ್ಲಿ ಒಂದು ವಾರಕ್ಕೆ ಬೇಕಾದಷ್ಟು ಮಾತ್ರ ಇರಲಿ.

ಆಲೂಗಡ್ಡೆ ಜೊತೆ ಒಂದೇ ಬುಟ್ಟಿಯಲ್ಲಿಡಬೇಡಿ, ಅದು ತೇವ ಬಿಡುತ್ತದೆ. ಚೆನ್ನಾಗಿ ಒಣಗಿದ ಈರುಳ್ಳಿ ಪಕ್ಕದಲ್ಲಿದ್ದರೆ ತೊಂದರೆಯಿಲ್ಲ.

ಹಂತ 10: ರೋಹಿಣಿ ಮಳೆಗೆ ಮುಂಚೆ ಮತ್ತೊಮ್ಮೆ

ಈ ಹಂತವನ್ನು ಯಾರೂ ಮಾಡುವುದಿಲ್ಲ. ನನ್ನ ಪ್ರಕಾರ ಮೊದಲ ಒಣಗಿಸುವಿಕೆಯಷ್ಟೇ ಇದೂ ಮುಖ್ಯ. ಮೇ 20ರ ಹೊತ್ತಿಗೆ, ಗಾಳಿ ಇನ್ನೂ ಒಣಗಿರುವಾಗ, ಎಲ್ಲಾ ಗಡ್ಡೆಗಳನ್ನು ಮತ್ತೆ ಹೊರಗೆ ತೆಗೆಯಿರಿ. ಒತ್ತಿ ನೋಡಿ, ಮೆತ್ತಗಾದವನ್ನು ಬೇರೆ ಮಾಡಿ, ಉಳಿದವನ್ನು ಎರಡು ದಿನ ನೆರಳಲ್ಲಿ ಹರಡಿ ಮತ್ತೆ ತುಂಬಿ.

ಆಮೇಲೆ ಮಳೆಗಾಲ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಚೀಲಕ್ಕೆ ಕೈಹಾಕಿ ನೋಡುವುದು ಬಿಡಬೇಡಿ. ಕೊಳೆತ ಒಂದು ಗಡ್ಡೆ ಪಕ್ಕದ ನಾಲ್ಕನ್ನು ಹಾಳುಮಾಡುತ್ತದೆ. ಕಣ್ಣಿಗಿಂತ ಮೂಗು ಮೊದಲು ಹೇಳುತ್ತದೆ: ಸುಲಿಯದ ಬೆಳ್ಳುಳ್ಳಿಗೆ ಘಾಟು ಇರುವುದಿಲ್ಲ. ಚೀಲದ ಹತ್ತಿರ ಹೋದಾಗಲೇ ಘಾಟು ಬಂದರೆ ಒಳಗೆ ಯಾವುದೋ ಒಡೆದಿದೆ.

ಬೆಂಗಳೂರಿನಲ್ಲಿ ಜುಲೈ ರಾತ್ರಿಗಳು 20 ಡಿಗ್ರಿ ಆಸುಪಾಸಿಗೆ ಇಳಿಯುತ್ತವೆ, ಜೊತೆಗೆ ತೇವ. ಫ್ರಿಜ್‌ನ ಹಿಂಬದಿಯ ಬಿಸಿ ಗಾಳಿ ಬರುವ ಕಡೆ, ಎರಡಡಿ ದೂರದಲ್ಲಿ ಚೀಲ ತೂಗುಹಾಕಿದರೆ ಒಣಗಿರುತ್ತದೆ. ಆಗುಂಬೆ, ತೀರ್ಥಹಳ್ಳಿ, ಮಡಿಕೇರಿಯ ಕಡೆಯವರಿಗೆ ನೇರವಾಗಿ ಹೇಳಿಬಿಡುತ್ತೇನೆ: ಹೊಗೆ ಅಟ್ಟ ಇಲ್ಲದಿದ್ದರೆ ಇಡೀ ಗಡ್ಡೆಯನ್ನು ಮಳೆಗಾಲ ದಾಟಿಸುವುದು ಕಷ್ಟ. ಬೀಜಕ್ಕೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕದ್ದನ್ನು ಮೇ ಬಿಸಿಲಲ್ಲೇ ಒಣಗಿಸಿಬಿಡಿ.

ಮಿಕ್ಕದ್ದನ್ನು ಏನು ಮಾಡೋದು?

ಒಣ ಹೋಳು ಎಲ್ಲಕ್ಕಿಂತ ಸುಲಭ. ಸುಲಿದ ಎಸಳನ್ನು ಎರಡು–ಮೂರು ಮಿಲಿಮೀಟರ್ ಹೋಳು ಮಾಡಿ, ತೆಳು ಬಟ್ಟೆ ಮುಚ್ಚಿ, ಮೂರ್ನಾಲ್ಕು ದಿನ ಬಿಸಿಲಿಗಿಡಿ. ಇಲ್ಲಿ ಬಿಸಿಲು ಬೇಕು, ಸಂಜೆ ಒಳಗೆ ತರಬೇಕು. ಬಾಗದೆ ಮುರಿದರೆ ಆಯಿತು. ಗಾಳಿಯಾಡದ ಗಾಜಿನ ಸೀಸೆಗೆ ತುಂಬಿ. ಪುಡಿ ಮಾಡಿಟ್ಟರೆ ಮಳೆಗಾಲದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಹಾಗಾಗಿ ಹೋಳಾಗಿಯೇ ಇಟ್ಟು ಬೇಕಾದಾಗ ಪುಡಿ ಮಾಡಿ. ಶೇಂಗಾ ಚಟ್ನಿಪುಡಿಗೆ ಇದು ತುಂಬಾ ಹೊಂದುತ್ತದೆ.

ಉಪ್ಪಿನಕಾಯಿ ಹಾಕುವವರು ಎಸಳು ನೀಲಿ ಹಸಿರಾಯಿತೆಂದು ಹೆದರಿ ಬರೆಯುತ್ತಾರೆ. ಬೆಳ್ಳುಳ್ಳಿಯಲ್ಲಿರುವ ಗಂಧಕದ ಅಂಶಗಳು ಹುಳಿಯ ಜೊತೆ ಸೇರಿದಾಗ ಆಗುವ ಬಣ್ಣ ಅದು. ತಿನ್ನಬಹುದು, ಏನೂ ಆಗದು. ಮೇಲೆ ರೋಮದಂತೆ ಎದ್ದ ಬೂಷ್ಟು ಮಾತ್ರ ಬೇರೆ, ಅದಿದ್ದರೆ ಬಿಸಾಡಿ.

ಹೆದರಲೇಬೇಕಾದದ್ದು ಇನ್ನೊಂದಕ್ಕೆ. ಹಸಿ ಎಸಳನ್ನೋ ಜಜ್ಜಿದ ಬೆಳ್ಳುಳ್ಳಿಯನ್ನೋ ಬರೀ ಎಣ್ಣೆಯಲ್ಲಿ ಮುಳುಗಿಸಿ ಅಡುಗೆಕಟ್ಟೆಯ ಮೇಲೆ ಇಡುವ ವಿಧಾನ ವಿಡಿಯೊಗಳಲ್ಲಿ ತುಂಬಾ ಓಡಾಡುತ್ತಿದೆ. ಮಣ್ಣಿನಿಂದ ಬಂದ ಒಂದು ಬ್ಯಾಕ್ಟೀರಿಯಾದ ಬೀಜಕಣಗಳು ಬೆಳ್ಳುಳ್ಳಿಯ ಮೇಲೆ ಇರಬಹುದು. ಗಾಳಿಯಿಲ್ಲದ, ಹುಳಿಯಿಲ್ಲದ, ಬೆಚ್ಚಗಿನ ಎಣ್ಣೆಯಲ್ಲಿ ಅದು ಬೆಳೆದು ನರಗಳನ್ನು ನಿಶ್ಚಲ ಮಾಡುವ ವಿಷ ಉಂಟುಮಾಡುತ್ತದೆ. ಈ ಕಾಯಿಲೆಗೆ ಬೊಟುಲಿಸಂ ಎಂದು ಹೆಸರು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಫ್ರಿಜ್‌ನಲ್ಲಿಡದ ಎಣ್ಣೆ ಬೆಳ್ಳುಳ್ಳಿ ತಿಂದು 36 ಜನ ಹೀಗೆ ಕಾಯಿಲೆ ಬಿದ್ದರು. ರುಚಿ, ವಾಸನೆ ಯಾವುದರಲ್ಲೂ ಇದು ಗೊತ್ತಾಗುವುದಿಲ್ಲ. ನಮ್ಮ ಉಪ್ಪಿನಕಾಯಿಯಲ್ಲಿ ಉಪ್ಪು, ನಿಂಬೆ ಅಥವಾ ಹುಣಸೆಯ ಹುಳಿ ಹೇರಳವಾಗಿ ಇರುವುದರಿಂದ ಅದು ಕಾಯುತ್ತದೆ. ಅಲ್ಲಿ ಉಪ್ಪು ಹುಳಿ ಕಡಿಮೆ ಮಾಡಬೇಡಿ. ಎಣ್ಣೆ ಬೆಳ್ಳುಳ್ಳಿ ಬೇಕೇ ಬೇಕಾದರೆ ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು ಮೂರ್ನಾಲ್ಕು ದಿನದಲ್ಲಿ ಮುಗಿಸಿ.

ಉಳಿದ ಕೆಲವು ಪ್ರಶ್ನೆಗಳು

ಮೊಳಕೆ ಬಂದದ್ದನ್ನು ತಿನ್ನಬಹುದೇ? ಧಾರಾಳವಾಗಿ. ಎಸಳು ಗಟ್ಟಿಯಾಗಿದ್ದರೆ ಸಾಕು. ನಡುವಿನ ಹಸಿರು ಕುಡಿ ಸ್ವಲ್ಪ ಕಹಿ, ಬೇಡವಾದರೆ ತೆಗೆಯಿರಿ.

ಎಷ್ಟು ದಿನ ಉಳಿಯುತ್ತದೆ? ಚೆನ್ನಾಗಿ ಒಣಗಿಸಿ, ಒಣ ಜಾಗದಲ್ಲಿಟ್ಟರೆ ಐದಾರು ತಿಂಗಳು. ಅಷ್ಟರಲ್ಲಿ ಒಂದಿಷ್ಟು ಸುಕ್ಕುವುದು, ತೂಕ ಇಳಿಯುವುದು ಸಹಜ.

ಅಮೆರಿಕ, ಕೆನಡಾ, ಯೂರೋಪಿನಲ್ಲಿರುವ ನಮ್ಮವರೂ ಕೇಳುತ್ತಿರುತ್ತಾರೆ. ನಿಮಗೆ ಹಂತ 2ರಿಂದ 8ರವರೆಗೆ ಎಲ್ಲವೂ ಇದೇ. ನಿಮ್ಮಲ್ಲಿ ಹೂದಂಟು ಬರುವ ಗಟ್ಟಿ ಕುತ್ತಿಗೆಯ ತಳಿಗಳು ಜಾಸ್ತಿ. ಅವನ್ನು ಜಡೆ ಹೆಣೆಯಲಾಗದು, ಬೇಗ ಮೊಳೆಯುತ್ತವೆ ಕೂಡ, ಹಾಗಾಗಿ ಮೊದಲು ಅವನ್ನೇ ಬಳಸಿ. ಹೀಟರ್ ಹಾಕದ, ಆದರೆ ಒಣಗಿರುವ ಕೋಣೆ ನಿಮಗೆ ಆಗುತ್ತದೆ. ಒದ್ದೆ ಬೇಸ್‌ಮೆಂಟ್ ಬೇಡ.

ಬೀಜದ ಗಡ್ಡೆಯನ್ನು ಯಾವಾಗ ಬಿಡಿಸಬೇಕು? ನೆಡುವ ಹಿಂದಿನ ದಿನ. ಬಿಡಿಸಿದ ಎಸಳು ಬೇಗ ಒಣಗುತ್ತದೆ. ಹೊರಸುತ್ತಿನ ದಪ್ಪ ಎಸಳುಗಳನ್ನು ಮಾತ್ರ ನೆಡಿ, ನಡುವಿನ ಕಡ್ಡಿಯಂಥವನ್ನು ಒಗ್ಗರಣೆಗೆ ಇಟ್ಟುಕೊಳ್ಳಿ. ಎಸಳಿನ ಸಿಪ್ಪೆ ಸುಲಿಯಬಾರದು. ಅಕ್ಟೋಬರ್ ಬಂದರೂ ಬೀಜದ ಗಡ್ಡೆ ಮೊಳೆಯುವ ಲಕ್ಷಣವೇ ಇಲ್ಲದಿದ್ದರೆ, ಆಗ ಮಾತ್ರ ನೆಡುವ ಎರಡು ವಾರ ಮೊದಲು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಇಡುವ ಬೆಳ್ಳುಳ್ಳಿಯನ್ನು ಕೆಡಿಸುವ ಅದೇ ಚಳಿ ನೆಡುವ ಬೆಳ್ಳುಳ್ಳಿಯನ್ನು ಎಬ್ಬಿಸುತ್ತದೆ.